ಆರು ಕ್ವಿಂಟಾಲ್ ಸ್ಪಂಜು, ನಾಲ್ಕು ಎಳ್ಳಿನ ತೂಕದ ಮದ್ದು

ಟೋಕಿಯೊ ನಗರದ ದಕ್ಷಿಣಕ್ಕೆ ಕಡಲಿನೊಳಗೆ ಚಾಚಿಕೊಂಡಿರುವ ಮಿಯುರಾ ಪರ್ಯಾಯದ್ವೀಪದ ಬಂಡೆಗಳಿಗೆ ಒಂದು ಕಪ್ಪು ಸ್ಪಂಜು ಅಂಟಿಕೊಂಡು ಬೆಳೆಯುತ್ತದೆ. ಜಪಾನಿ ಭಾಷೆಯಲ್ಲಿ ಅದರ ಹೆಸರಿನ ಅರ್ಥವೇ ‘ಕಪ್ಪು ದಡದ ಸ್ಪಂಜು’. ವಿಜ್ಞಾನಿಗಳು ಇಟ್ಟ ಹೆಸರು ಹ್ಯಾಲಿಕಾಂಡ್ರಿಯಾ ಒಕಡೈ. 1980ರ ದಶಕದಲ್ಲಿ ಯೋಶಿಮಾಸಾ ಹಿರಾಟ ಮತ್ತು ದೈಸುಕೆ ಉಎಮುರಾ ಎಂಬ ರಸಾಯನ ವಿಜ್ಞಾನಿಗಳ ತಂಡ ಈ ಸ್ಪಂಜನ್ನು 600 ಕಿಲೋದಷ್ಟು ಕಲೆಹಾಕಿತು. ಅಕ್ಕಿಯಾಗಿದ್ದರೆ ಐವತ್ತು ಕಿಲೋದ ಹನ್ನೆರಡು ಮೂಟೆ. ಅದನ್ನೆಲ್ಲ ಹಿಂಡಿ, ಸೋಸಿ, ಬೇರ್ಪಡಿಸಿ, ಮತ್ತೆ ಸೋಸಿ, ಕೊನೆಗೆ ಅವರು ಹುಡುಕುತ್ತಿದ್ದ ವಸ್ತುಗಳಲ್ಲಿ ಅತ್ಯಂತ ಪ್ರಬಲವಾದದ್ದು ಕೈಗೆ ಬಂದಾಗ ಅದರ ತೂಕ 12.5 ಮಿಲಿಗ್ರಾಂ. ಸಂಕ್ರಾಂತಿಯ ಎಳ್ಳು-ಬೆಲ್ಲದಿಂದ ನಾಲ್ಕು ಎಳ್ಳುಕಾಳು ಆರಿಸಿ ಅಂಗೈಯಲ್ಲಿಟ್ಟುಕೊಂಡರೆ ಹೆಚ್ಚುಕಡಿಮೆ ಅಷ್ಟು.

1986ರಲ್ಲಿ ಹ್ಯಾಲಿಕಾಂಡ್ರಿನ್ ಬಿ ಎಂಬ ಹೆಸರಿನಲ್ಲಿ ಲೋಕಕ್ಕೆ ಪರಿಚಯವಾದ ಆ ನಾಲ್ಕು ಎಳ್ಳಿನಷ್ಟು ಪುಡಿ ಸ್ತನ ಕ್ಯಾನ್ಸರಿನ ಔಷಧಿಯಾಗಿ ರೋಗಿಯ ನರಕ್ಕೆ ಇಳಿಯಲು ಇನ್ನೂ ಇಪ್ಪತ್ತನಾಲ್ಕು ವರ್ಷ ಬೇಕಾಯಿತು. ಸ್ಪಂಜಿನಲ್ಲಿ ಮದ್ದು ಹುಡುಕಿದವರ ಕಥೆ ಎಲ್ಲ ಕಾಲದಲ್ಲೂ ಹೀಗೆಯೇ: ಕಡಲು ಕೊಡುವುದು ಬೊಗಸೆಯಲ್ಲಲ್ಲ, ಚಿಟಿಕೆಯಲ್ಲಿ, ಅದೂ ಕಾಯುವ ತಾಳ್ಮೆ ಇದ್ದವರಿಗೆ.

ನಮ್ಮ ಅಡುಗೆಮನೆಯಲ್ಲಿ ಪಾತ್ರೆ ಉಜ್ಜುವ ಹಳದಿ-ಹಸಿರು ಸ್ಪಂಜು ಪ್ಲಾಸ್ಟಿಕ್ಕಿನದು. ಅದಕ್ಕೆ ಹೆಸರು ಕೊಟ್ಟ ಮೂಲ ಸ್ಪಂಜು ಒಂದು ಪ್ರಾಣಿ. ಬಹುಕಾಲ ಅದು ಗಿಡವೋ ಪ್ರಾಣಿಯೋ ಎಂಬುದೇ ಇತ್ಯರ್ಥವಾಗಿರಲಿಲ್ಲ. 1820ರ ದಶಕದಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊ ಬಳಿಯ ಕಡಲತೀರದಿಂದ ಸ್ಪಂಜುಗಳನ್ನು ತಂದು ನೀರಿನಲ್ಲಿಟ್ಟು ದಿಟ್ಟಿಸುತ್ತಿದ್ದ ರಾಬರ್ಟ್ ಗ್ರಾಂಟ್ ಎಂಬ ವೈದ್ಯ, ಅದರ ಮೈಮೇಲಿನ ದೊಡ್ಡ ತೂತುಗಳಿಂದ ನೀರು ಬುಗ್ಗೆಯಂತೆ ಹೊರಚಿಮ್ಮುವುದನ್ನು ಕಂಡ. ಸಣ್ಣ ತೂತುಗಳಿಂದ ನೀರು ಒಳಗೆ, ದೊಡ್ಡ ತೂತಿನಿಂದ ಹೊರಗೆ. ನಡುವೆ ಸಿಕ್ಕ ಬ್ಯಾಕ್ಟೀರಿಯಾ, ಕಣಗಳೇ ಊಟ. ಅದೇ ತೀರದಲ್ಲಿ ಗ್ರಾಂಟನ ಬೆನ್ನುಹತ್ತಿ ಸುತ್ತುತ್ತಿದ್ದ ಹದಿಹರೆಯದ ವೈದ್ಯಕೀಯ ವಿದ್ಯಾರ್ಥಿಯ ಹೆಸರು ಚಾರ್ಲ್ಸ್ ಡಾರ್ವಿನ್.

ಈ ಪ್ರಾಣಿಗೆ ಬಾಯಿಲ್ಲ, ಹೊಟ್ಟೆಯಿಲ್ಲ, ನರಗಳಿಲ್ಲ. ಬಂಡೆಗೆ ಅಂಟಿದರೆ ಆಯಿತು, ಎದ್ದು ಓಡುವಂತಿಲ್ಲ. ದಿನವೊಂದಕ್ಕೆ ತನ್ನ ಗಾತ್ರದ ಸಾವಿರಾರು ಪಟ್ಟು ನೀರನ್ನು ಮೈಯೊಳಗಿಂದ ಹಾಯಿಸುವ ಈ ಜೀವಿಯ ಮೇಲೆ ರೋಗಾಣುಗಳು ಎರಗುತ್ತವೆ, ಮೀನುಗಳು ಬಾಯಿ ಹಾಕುತ್ತವೆ, ಪಕ್ಕದ ಸ್ಪಂಜುಗಳೂ ಹವಳಗಳೂ ಜಾಗಕ್ಕಾಗಿ ಒತ್ತರಿಸಿಕೊಂಡು ಬರುತ್ತವೆ. ಹಲ್ಲು, ಉಗುರು, ಚಿಪ್ಪು ಯಾವುದೂ ಇಲ್ಲದ ಬಹಳಷ್ಟು ಸ್ಪಂಜುಗಳು ಉಳಿದಿರುವುದು ವಿಷದ ಬಲದಿಂದ. ಆ ವಿಷದಲ್ಲಿ ಕೆಲವು ಮನುಷ್ಯನ ಮೈಯಲ್ಲಿ ಹದ ಮೀರಿ ಬೆಳೆಯುವ ಜೀವಕೋಶಗಳನ್ನೂ ತಡೆಯುತ್ತವೆ ಎಂಬುದು ಬಹಳ ತಡವಾಗಿ ಗೊತ್ತಾಯಿತು.

ಹಾಗೆಂದು ಸ್ಪಂಜು ಮದ್ದಿನ ಪೆಟ್ಟಿಗೆಗೆ ಬಂದದ್ದು ಇತ್ತೀಚೆಗಲ್ಲ. ಯುರೋಪಿನ ವೈದ್ಯರು ಮಧ್ಯಯುಗದಿಂದಲೂ ಗಳಗಂಡಕ್ಕೆ ಸುಟ್ಟ ಸ್ಪಂಜಿನ ಬೂದಿಯನ್ನು ಕೊಡುತ್ತಿದ್ದರು. ಕುತ್ತಿಗೆ ಊದಿಕೊಂಡ ಕೆಲವರಲ್ಲಿ ಊತ ಇಳಿಯುತ್ತಿತ್ತು. ಏಕೆ ಇಳಿಯುತ್ತದೆ ಎಂದು ಹೇಳಬಲ್ಲವರು ಯಾರೂ ಇರಲಿಲ್ಲ. 1811ರಲ್ಲಿ ಫ್ರಾನ್ಸಿನ ಬರ್ನಾರ್ಡ್ ಕುರ್ತ್ವಾ ಕಡಲಪಾಚಿಯ ಬೂದಿಯಲ್ಲಿ ಅಯೊಡಿನ್ ಎಂಬ ಹೊಸ ಮೂಲವಸ್ತುವನ್ನು ಕಂಡುಹಿಡಿದ. ಕೆಲವೇ ವರ್ಷಗಳಲ್ಲಿ ಸ್ಪಂಜಿನಲ್ಲೂ ಅದೇ ಇದೆಯೆಂದು ತಿಳಿಯಿತು. ಜಿನೀವಾದ ವೈದ್ಯ ಜಾನ್ ಫ್ರಾನ್ಸ್ವಾ ಕ್ವಾಂದೆ, ಹಾಗಾದರೆ ಬೂದಿಯಲ್ಲಿ ಕೆಲಸ ಮಾಡುತ್ತಿದ್ದದ್ದು ಅಯೊಡಿನ್ನೇ ಇರಬೇಕೆಂದು ಊಹಿಸಿ, 1820ರಲ್ಲಿ ಸ್ಪಂಜನ್ನು ಬದಿಗಿಟ್ಟು ನೇರವಾಗಿ ಅಯೊಡಿನ್ ದ್ರಾವಣವನ್ನೇ ರೋಗಿಗಳಿಗೆ ಕೊಟ್ಟು ನೋಡಿದ. ಗಳಗಂಡ ಕರಗಿತು. ಇಂದು ನಮ್ಮ ಮನೆಯ ಉಪ್ಪಿನ ಪ್ಯಾಕೆಟ್ಟಿನ ಮೇಲೆ ಕಾಣುವ ‘ಅಯೊಡಿನ್‌ಯುಕ್ತ’ ಎಂಬ ಪದದ ಹಿಂದಿನ ಇತಿಹಾಸದಲ್ಲಿ ಆ ಸುಟ್ಟ ಸ್ಪಂಜಿಗೂ ಒಂದು ಪಾಲಿದೆ. ಹುರಿದ ಸ್ಪಂಜಿನ ಹೆಸರಿನ ಔಷಧಿ ಹೋಮಿಯೋಪಥಿ ಅಂಗಡಿಗಳಲ್ಲಿ ಈಗಲೂ ಸಿಗುತ್ತದೆ.

ಈ ಪ್ರಸಂಗದಲ್ಲಿ ಗಮನಿಸಬೇಕಾದದ್ದು ಕ್ವಾಂದೆ ನಡೆದ ದಾರಿ. ಕಡಲ ವಸ್ತುವಿನಲ್ಲಿ ಕೆಲಸ ಮಾಡುವ ಅಂಶ ಯಾವುದೆಂದು ಗುರುತಿಸು, ಅದನ್ನು ಬೇರೆಡೆಯಿಂದ ತಯಾರಿಸಿಕೊ, ಪ್ರಾಣಿಯನ್ನು ಅದರ ಪಾಡಿಗೆ ಬಿಡು. ನೂರೈವತ್ತು ವರ್ಷಗಳ ನಂತರ ಕ್ಯಾನ್ಸರ್ ಔಷಧಿಗಳೂ ಬಂದದ್ದು ಇದೇ ಜಾಡಿನಲ್ಲಿ.

ನಡುವೆ ಸ್ಪಂಜಿನ ಕಸುಬು ಬೇರೆಯೇ ಕಾರಣಕ್ಕೆ ಬೆಳೆದಿತ್ತು. ಗ್ರೀಸಿನ ಕಾಲಿಮ್ನೊಸ್, ಸಿಮಿ ದ್ವೀಪಗಳ ಗಂಡಸರು ಶತಮಾನಗಳ ಕಾಲ ಚಪ್ಪಟೆ ಕಲ್ಲೊಂದನ್ನು ಹಿಡಿದು, ಉಸಿರು ಕಟ್ಟಿ ಕಡಲ ತಳಕ್ಕಿಳಿದು ಸ್ನಾನದ ಸ್ಪಂಜು ಕೊಯ್ದು ತರುತ್ತಿದ್ದರು. 1860ರ ದಶಕದಲ್ಲಿ ರಬ್ಬರು-ತಾಮ್ರದ ಮುಳುಗುಡುಗೆ ಬಂತು. ಹೆಚ್ಚು ಆಳಕ್ಕೆ ಹೋಗಬಹುದಾಯಿತು, ಹೆಚ್ಚು ಹೊತ್ತು ಇರಬಹುದಾಯಿತು. ಆದರೆ ಆಳದ ಒತ್ತಡದಿಂದ ಸರಕ್ಕನೆ ಮೇಲೆ ಬಂದವರ ರಕ್ತದಲ್ಲಿ ಗಾಳಿಗುಳ್ಳೆಗಳೆದ್ದು ನೂರಾರು ಜನ ಸತ್ತರು, ಉಳಿದವರು ಕೈಕಾಲು ಬಿದ್ದು ಮೂಲೆಗುಂಪಾದರು. ಕಾಲು ಸೋತ ಮುಳುಗುಗಾರನೊಬ್ಬ ಕೋಲೂರಿ ನಡುಗುತ್ತ ಕುಣಿಯುವ ಒಂದು ನೃತ್ಯ ಕಾಲಿಮ್ನೊಸ್‌ನಲ್ಲಿ ಇಂದಿಗೂ ಇದೆ. ಅಲ್ಲಿನ ಮುಳುಗುಗಾರರು 1905ರ ಹೊತ್ತಿಗೆ ಅಮೆರಿಕದ ಫ್ಲಾರಿಡಾದ ಟಾರ್ಪನ್ ಸ್ಪ್ರಿಂಗ್ಸ್‌ಗೂ ಹೋಗಿ ನೆಲೆಸಿ, ಆ ಊರನ್ನೇ ಸ್ಪಂಜಿನ ಪೇಟೆಯಾಗಿಸಿದರು.

ಅದೇ ಫ್ಲಾರಿಡಾದ ಇನ್ನೊಂದು ಅಂಚಿನಲ್ಲಿ, ಎಲಿಯಟ್ ಕೀ ಎಂಬ ಪುಟ್ಟ ದ್ವೀಪದ ಬಳಿಯ ಆಳವಿಲ್ಲದ ನೀರಿನಿಂದ, 1945ರಲ್ಲಿ ಎತ್ತಿದ ಒಂದು ಸ್ಪಂಜು ಯೇಲ್ ವಿಶ್ವವಿದ್ಯಾಲಯದ ವರ್ನರ್ ಬರ್ಗ್‌ಮನ್ ಅವರ ಪ್ರಯೋಗಾಲಯಕ್ಕೆ ಬಂತು. ಸ್ನಾನಕ್ಕೆ ಬಾರದ ಸ್ಪಂಜು ಅದು. ಅರ್ಧ ಮರಳಿನಲ್ಲಿ ಹೂತು, ಮೈತುಂಬ ಹೂಳು ಮೆತ್ತಿಕೊಂಡು, ಇದೆಯೋ ಇಲ್ಲವೋ ಎಂಬಂತೆ ಬದುಕುವ ಜೀವಿ. ಆಗ ಅದಕ್ಕೊಂದು ಹೆಸರೂ ಇರಲಿಲ್ಲ. ಸ್ಪಂಜು ತಜ್ಞ ಡಿ ಲಾಬೆನ್‌ಫೆಲ್ಸ್ 1949ರಲ್ಲಿ ಅದನ್ನು ವಿವರಿಸಿ, ‘ಅಡಗಿರುವುದು’ ಎಂಬ ಅರ್ಥದ ‘ಕ್ರಿಪ್ಟಾ’ ಎಂದು ಹೆಸರಿಟ್ಟರು.

ಬರ್ಗ್‌ಮನ್ ಔಷಧಿ ಹುಡುಕುತ್ತಿರಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಕಡಲ ಪ್ರಾಣಿಗಳ ಮೈಯಲ್ಲಿ ಯಾವ ಯಾವ ಬಗೆಯ ಕೊಬ್ಬಿನಂಶಗಳಿವೆ ಎಂದು ಒಂದೊಂದಾಗಿ ಪಟ್ಟಿ ಮಾಡುವುದು ಅವರು ವರ್ಷಗಟ್ಟಲೆ ಹಿಡಿದ ಕೆಲಸ. ನಕ್ಷತ್ರಮೀನು, ಸ್ಪಂಜು, ಹವಳ. ಒಂದರ ನಂತರ ಒಂದು. ಈ ಹೊಸ ಸ್ಪಂಜನ್ನೂ ಎಂದಿನಂತೆ ಅಸಿಟೋನಿನಲ್ಲಿ ಕುದಿಸಿದಾಗ, ನಿರೀಕ್ಷಿಸದ ಹರಳುಗಳು ತಾವಾಗಿಯೇ ಇಳಿದವು. ಇನ್ನೊಬ್ಬರಾಗಿದ್ದರೆ ತಮ್ಮ ವಿಷಯವಲ್ಲವೆಂದು ಚೆಲ್ಲಬಹುದಿತ್ತು. ಬರ್ಗ್‌ಮನ್ ಮತ್ತು ಅವರ ಶಿಷ್ಯ ರಾಬರ್ಟ್ ಫೀನಿ ಅದರ ಬೆನ್ನುಹತ್ತಿದರು.

ಹರಳುಗಳು ಹೇಳಿದ ಸಂಗತಿ ಸಣ್ಣದಲ್ಲ. ಎಲ್ಲ ಜೀವಿಗಳ ಡಿಎನ್‌ಎ ಮತ್ತು ಆರ್‌ಎನ್‌ಎ ಕಟ್ಟಲು ಬಳಕೆಯಾಗುವ ಇಟ್ಟಿಗೆಗಳಲ್ಲಿ ಒಂದು ಸಕ್ಕರೆ ಅಣು ಇರುತ್ತದೆ: ರೈಬೋಸ್, ಇಲ್ಲವೇ ಅದರಿಂದ ಒಂದು ಆಮ್ಲಜನಕ ಕಳಚಿದ ಡಿಆಕ್ಸಿರೈಬೋಸ್. ಬೇರೆ ಸಕ್ಕರೆ ಅಲ್ಲಿರುವುದಿಲ್ಲ ಎಂಬುದೇ ಆಗಿನ ನಂಬಿಕೆ. ಈ ಸ್ಪಂಜಿನ ಇಟ್ಟಿಗೆಯಲ್ಲಿ ಮಾತ್ರ ಆ ಜಾಗದಲ್ಲಿ ಅರಾಬಿನೋಸ್ ಕೂತಿತ್ತು. ನೋಡಲು ರೈಬೋಸಿನ ಅವಳಿ. ಒಂದೇ ಒಂದು ಕೊಂಡಿ ಕೆಳಗೆ ತಿರುಗುವ ಬದಲು ಮೇಲಕ್ಕೆ ತಿರುಗಿದೆ, ಅಷ್ಟೇ ವ್ಯತ್ಯಾಸ. ಅವುಗಳಿಗೆ ಸ್ಪಾಂಗೊಥೈಮಿಡಿನ್, ಸ್ಪಾಂಗೊಯುರಿಡಿನ್ ಎಂದು ಹೆಸರಿಟ್ಟು, 1950 ಮತ್ತು 1951ರಲ್ಲಿ ಪ್ರಕಟಿಸಿದರು. 1951ರ ಪ್ರಬಂಧದ ಶೀರ್ಷಿಕೆಯಲ್ಲಿ ಕಡಲ ವಸ್ತುಗಳ ಅಧ್ಯಯನ ಮಾಲೆಯಲ್ಲಿ ಇದು 32ನೆಯದು ಎಂಬ ಕ್ರಮಸಂಖ್ಯೆಯಿದೆ. ಹಿಂದಿನ 31 ಪ್ರಬಂಧಗಳ ಸದ್ದಿಲ್ಲದ ದುಡಿಮೆ ಇಲ್ಲದೆ ಈ 32ನೆಯದು ಹುಟ್ಟುತ್ತಿರಲಿಲ್ಲ.

ಆ ತಿರುಗಿದ ಕೊಂಡಿಯ ಮಹತ್ವ ಇಷ್ಟು. ಕ್ಯಾನ್ಸರ್ ಕೋಶ ಎಡೆಬಿಡದೆ ಇಬ್ಭಾಗವಾಗುತ್ತದೆ. ಪ್ರತಿ ಸಲವೂ ತನ್ನ ಡಿಎನ್‌ಎಯ ಹೊಸ ಪ್ರತಿ ಮಾಡಿಕೊಳ್ಳಬೇಕು, ಮಣಿ ಮಣಿ ಪೋಣಿಸಿ ಸರ ಕಟ್ಟಿದಂತೆ. ಅರಾಬಿನೋಸ್ ಇರುವ ಮಣಿಯನ್ನು ಕೋಶ ಸರಿಯಾದ ಮಣಿಯೆಂದೇ ನಂಬಿ ದಾರಕ್ಕೆ ಏರಿಸುತ್ತದೆ. ಏರಿಸಿದ ಮೇಲೆ ಮುಂದಿನ ಮಣಿ ಕೂರುವುದಿಲ್ಲ. ಸರ ಅಲ್ಲಿಗೇ ನಿಲ್ಲುತ್ತದೆ, ಕೋಶ ಸಾಯುತ್ತದೆ.

ಸ್ಪಂಜಿನಲ್ಲಿದ್ದ ಮೂಲ ವಸ್ತುಗಳೇ ಔಷಧಿಯಾಗಲಿಲ್ಲ. ಅವು ತೋರಿದ ಮಾದರಿಯಲ್ಲಿ 1959ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯ ರಸಾಯನ ವಿಜ್ಞಾನಿಗಳು ಸೈಟರಾಬಿನ್ ಎಂಬ ಅಣುವನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಅದೇ ವರ್ಷ ಬರ್ಗ್‌ಮನ್ ತೀರಿಕೊಂಡರು. ತಾವು ಕಂಡ ಹರಳಿನಿಂದ ಏನಾಯಿತೆಂದು ಅವರು ನೋಡಲಿಲ್ಲ. 1961ರ ಹೊತ್ತಿಗೆ ಅಪ್‌ಜಾನ್ ಕಂಪನಿಯ ಸಂಶೋಧಕರು ಇಲಿಗಳ ಗೆಡ್ಡೆಗಳ ಮೇಲೆ ಅದರ ಪರಿಣಾಮ ಕಂಡರು. 1969ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ಕೊಟ್ಟಿತು. 1973ರಲ್ಲಿ ಅದರ ಜೊತೆಗೆ ಇನ್ನೊಂದು ಔಷಧಿ ಸೇರಿಸಿ, ಏಳು ದಿನ ಇದು, ಮೂರು ದಿನ ಅದು ಎಂಬ ಕ್ರಮ ರೂಢಿಗೆ ಬಂತು. ತೀವ್ರ ಬಗೆಯ ರಕ್ತದ ಕ್ಯಾನ್ಸರಿನ ವಾರ್ಡುಗಳಲ್ಲಿ ವೈದ್ಯರು ಇಂದಿಗೂ ‘ಸೆವೆನ್ ಪ್ಲಸ್ ಥ್ರೀ’ ಎಂದರೆ ಇದೇ. ಸೈಟರಾಬಿನ್ ಬರುವ ಮೊದಲು ಎಎಂಎಲ್ ಎಂಬ ಈ ರೋಗ ಬಂದವರು ಕೆಲವೇ ವಾರ ಇಲ್ಲವೇ ತಿಂಗಳಲ್ಲಿ ತೀರಿಕೊಳ್ಳುತ್ತಿದ್ದರು. ಈಗ 60 ವರ್ಷದೊಳಗಿನ ರೋಗಿಗಳಲ್ಲಿ ಶೇ. 35ರಿಂದ 40ರಷ್ಟು ಜನ ಗುಣವಾಗುತ್ತಾರೆ. ಉಳಿದವರ ಸಂಖ್ಯೆಯೂ ದೊಡ್ಡದೇ, ಚಿಕಿತ್ಸೆಯ ನೋವೂ ಕಡಿಮೆಯಲ್ಲ. ಆದರೂ ಐವತ್ತು ವರ್ಷದಿಂದ ಆ ರೋಗದ ಎದುರು ಮುಂಚೂಣಿಯಲ್ಲಿ ನಿಂತಿರುವ ಮದ್ದು ಇದು. ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯ ಕ್ಯಾನ್ಸರ್ ವಿಭಾಗಗಳಲ್ಲಿ ಸಲೈನ್ ಬಾಟಲಿಗೆ ಸೇರುವ ಸೈಟರಾಬಿನ್ನಿನ ಮೂಲಪಾಠ ಫ್ಲಾರಿಡಾದ ಹೂಳಿನಲ್ಲಿ ಅಡಗಿದ್ದ ಆ ಹೆಸರಿಲ್ಲದ ಸ್ಪಂಜಿನದು.

ಅದೇ ಮಾದರಿಯ ಇನ್ನೊಂದು ಕೂಸು ವಿಡರಾಬಿನ್. 1960ರಲ್ಲಿ ಕ್ಯಾನ್ಸರಿಗೆಂದು ತಯಾರಿಸಿದ ಇದು ವೈರಸ್ಸನ್ನು ಹತ್ತಿಕ್ಕುತ್ತದೆಂದು ಆಮೇಲೆ ತಿಳಿಯಿತು. ಹರ್ಪಿಸ್ ವೈರಸ್ಸು ಮಿದುಳಿಗೆ ಏರಿದ ರೋಗಿಗಳಲ್ಲಿ ಸಾವಿನ ಪ್ರಮಾಣವನ್ನು ಅದು ಶೇ. 70ರಿಂದ 28ಕ್ಕೆ ಇಳಿಸಿತೆಂದು 1977ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಮುಂದೆ ಎಸೈಕ್ಲೊವಿರ್ ಬಂದು ಅದನ್ನು ಹಿಂದಿಕ್ಕಿತು. ಆದರೂ ರಕ್ತದೊಳಗೆ ಹೋಗಿ ವೈರಸ್ಸಿನೊಡನೆ ಹೋರಾಡಬಲ್ಲ ಮದ್ದು ಸಾಧ್ಯ ಎಂಬ ಧೈರ್ಯವನ್ನು ವೈದ್ಯರಿಗೆ ತುಂಬಿದವುಗಳಲ್ಲಿ ವಿಡರಾಬಿನ್ ಮೊದಲ ಸಾಲಿನದು.

ಇಷ್ಟಾದ ಮೇಲೆ ಕಡಲ ಕಡೆ ಎಲ್ಲರ ಕಣ್ಣು ಹೊರಳಿತು. 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೊ ಮತ್ತು ಎಮಿಲ್ ಗಾನ್ಯಾಂ ರೂಪಿಸಿದ ಬೆನ್ನಿನ ಉಸಿರುಸಿಲಿಂಡರು ಹವಳದ ದಂಡೆಗಳ ಬಾಗಿಲು ತೆರೆದಿತ್ತು. ರಸಾಯನ ವಿಜ್ಞಾನಿಯೇ ಮುಳುಗಿ ತನಗೆ ಬೇಕಾದದ್ದನ್ನು ಕೊಯ್ದು ತರಬಹುದಿತ್ತು. 1967ರಲ್ಲಿ ಅಮೆರಿಕದ ರೋಡ್ ಐಲೆಂಡಿನಲ್ಲಿ ‘ಕಡಲಿನಿಂದ ಔಷಧಿ’ ಎಂಬ ವಿಷಯದ ಮೇಲೆ ಸಮ್ಮೇಳನ ನಡೆಯಿತು. ರೋಶ್ ಕಂಪನಿ 1974ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಡಲ ಔಷಧಿಗಳಿಗೆಂದೇ ಒಂದು ಸಂಶೋಧನಾ ಸಂಸ್ಥೆ ತೆರೆದು, ಏಳೇ ವರ್ಷಕ್ಕೆ, 1981ರಲ್ಲಿ, ಮುಚ್ಚಿತು. ಆತುರದವರಿಗೆ ಕಡಲು ಒಗ್ಗಲಿಲ್ಲ. ಸ್ಪಂಜುಗಳಿಂದ ಸಾವಿರಾರು ಹೊಸ ಅಣುಗಳು ಹೊರಬಂದವು, ಪತ್ರಿಕೆಗಳಲ್ಲಿ ಅಚ್ಚಾದವು, ಬಹುತೇಕ ಅಲ್ಲೇ ಉಳಿದವು.

ಸೋತ ಅಣುಗಳಲ್ಲಿ ಒಂದರ ಕಥೆಯನ್ನಾದರೂ ಹೇಳಬೇಕು. ಬಹಾಮಾಸ್ ದ್ವೀಪಗಳ ಡಿಸ್ಕೊಡರ್ಮಿಯಾ ಎಂಬ ಸ್ಪಂಜಿನ 434 ಗ್ರಾಂ ಮಾದರಿಯಿಂದ ಫ್ಲಾರಿಡಾದ ಹಾರ್ಬರ್ ಬ್ರಾಂಚ್ ಸಂಸ್ಥೆಯ ಸರತ್ ಗುಣಸೇಕರ ಮತ್ತು ಸಂಗಡಿಗರು 7 ಮಿಲಿಗ್ರಾಂ ಡಿಸ್ಕೊಡರ್ಮೊಲೈಡ್ ಬೇರ್ಪಡಿಸಿ 1990ರಲ್ಲಿ ವರದಿ ಮಾಡಿದರು. ಕ್ಯಾನ್ಸರ್ ಕೋಶಗಳ ಮೇಲೆ ಅದರ ಹಿಡಿತ ಟ್ಯಾಕ್ಸಾಲ್ ಎಂಬ ಹೆಸರಾಂತ ಔಷಧಿಯ ಹಿಡಿತವನ್ನು ಹೋಲುತ್ತಿತ್ತು. ನೊವಾರ್ಟಿಸ್ ಕಂಪನಿಯ ರಸಾಯನ ವಿಜ್ಞಾನಿಗಳು ಹತ್ತಾರು ಹಂತಗಳ ತಯಾರಿಕೆಯನ್ನು ಸಾಧಿಸಿ 60 ಗ್ರಾಂ ಮಾಡಿದರು. ಅಷ್ಟು ಜಟಿಲವಾದ ಅಣುವನ್ನು ಅಷ್ಟು ಪ್ರಮಾಣದಲ್ಲಿ ಮಾಡುವುದೆಂದರೆ ಆ ಕಾಲಕ್ಕೆ ದೊಡ್ಡ ಸಾಹಸ. ಮನುಷ್ಯರ ಮೇಲಿನ ಮೊದಲ ಪ್ರಯೋಗದಲ್ಲೇ ಶ್ವಾಸಕೋಶಕ್ಕೆ ಪೆಟ್ಟಾಗುವುದು ಕಂಡುಬಂದು ಎಲ್ಲ ನಿಂತಿತು.

ಹ್ಯಾಲಿಕಾಂಡ್ರಿನ್ ಕೂಡ ಹಾಗೆಯೇ ನಿಲ್ಲಬೇಕಿತ್ತು. ಜೀವಕೋಶ ಇಬ್ಭಾಗವಾಗುವಾಗ ಒಳಗಿನ ವರ್ಣತಂತುಗಳನ್ನು ಎಡಕ್ಕೂ ಬಲಕ್ಕೂ ಎಳೆಯುವ ಹಗ್ಗಗಳಂಥ ಎಳೆಗಳಿರುತ್ತವೆ. ಹ್ಯಾಲಿಕಾಂಡ್ರಿನ್ ಆ ಎಳೆಗಳು ಬೆಳೆಯದಂತೆ ತಡೆಯುತ್ತದೆಂದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವಿಜ್ಞಾನಿಗಳು 1991ರಲ್ಲಿ ತೋರಿಸಿದರು. ಮದ್ದು ಒಳ್ಳೆಯದು, ಆದರೆ ತರುವುದೆಲ್ಲಿಂದ? ನ್ಯೂಜಿಲೆಂಡಿನ ಕೈಕೌರಾ ತೀರದಾಚೆ ಸುಮಾರು 100 ಮೀಟರ್ ಆಳದಲ್ಲಿ ಲಿಸೊಡೆಂಡೊರಿಕ್ಸ್ ಎಂಬ ಹಳದಿ ಸ್ಪಂಜಿನಲ್ಲೂ ಇದೇ ವಸ್ತು ಇರುವುದು ಗೊತ್ತಾಯಿತು. ಕ್ರೈಸ್ಟ್‌ಚರ್ಚಿನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದ ಮರ್ರಿ ಮನ್ರೊ ಮತ್ತು ಜಾನ್ ಬ್ಲಂಟ್ ಅವರ ತಂಡ 1990ರ ದಶಕದಲ್ಲಿ ಒಂದು ಟನ್ ಸ್ಪಂಜನ್ನು ಎತ್ತಿತು. ಸಿಕ್ಕಿದ್ದು ಸುಮಾರು 300 ಮಿಲಿಗ್ರಾಂ. ಅಲ್ಲಿನ ಕಡಲ ತಳದಲ್ಲಿದ್ದ ಆ ಸ್ಪಂಜಿನ ಒಟ್ಟು ರಾಶಿಯೇ 300 ಟನ್ನಿನ ಆಸುಪಾಸು ಎಂಬುದು ಅಂದಾಜು. ಲೆಕ್ಕ ಸರಳ: ಎಲ್ಲವನ್ನೂ ಬುಡಸಮೇತ ಬಾಚಿದರೂ ಬರುವುದು 90 ಗ್ರಾಂ; ಒಂದು ಕಿಲೋ ಮದ್ದಿಗೆ 3,300 ಟನ್ ಸ್ಪಂಜು ಬೇಕು. ಹಗ್ಗಕ್ಕೆ ತುಂಡುಗಳನ್ನು ಕಟ್ಟಿ ಸ್ಪಂಜನ್ನು ಬೇಸಾಯ ಮಾಡುವ ಪ್ರಯತ್ನವೂ ಅಲ್ಲಿ ನಡೆಯಿತು. ತುಂಡುಗಳು ಬೆಳೆದವು, ಮದ್ದನ್ನೂ ಮಾಡಿದವು. ಲೋಕದ ರೋಗಿಗಳಿಗೆ ಸಾಕಾಗುವಷ್ಟಲ್ಲ.

ಗಂಟು ಬಿಡಿಸಿದವರು ಯೋಶಿತೊ ಕಿಶಿ. ಜಪಾನಿನ ನಗೋಯದಲ್ಲಿ ಹುಟ್ಟಿ, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಇದೇ ಹಿರಾಟರ ಬಳಿ ಡಾಕ್ಟರೇಟ್ ಮಾಡಿ, ಆಮೇಲೆ ಹಾರ್ವರ್ಡಿನಲ್ಲಿ ನೆಲೆನಿಂತವರು. ಗುರು ಕಡಲಿಂದ ಹೆಕ್ಕಿದ ಅಣುವನ್ನು ಶಿಷ್ಯ ಗಾಜಿನ ಬುರುಡೆಯಲ್ಲಿ ಮೊದಲಿನಿಂದ ಕಟ್ಟಲು ಹೊರಟರು. ಹ್ಯಾಲಿಕಾಂಡ್ರಿನ್ ಬಿ ಅಣುವಿನಲ್ಲಿ 32 ಕಡೆ ಇಂಗಾಲದ ಪರಮಾಣುಗಳು ಎಡಗೈ-ಬಲಗೈಯಂತೆ ಎರಡು ಬಗೆಯಲ್ಲಿ ಕೂರಬಹುದು. ಒಂದು ತಪ್ಪಿದರೂ ಅದು ಬೇರೆಯೇ ವಸ್ತು. 1992ರಲ್ಲಿ ಕಿಶಿ ತಂಡ ಅದನ್ನು ಪೂರ್ತಿ ಕಟ್ಟಿ ಮುಗಿಸಿತು. ಕಟ್ಟುವ ದಾರಿಯಲ್ಲಿ ಉಳಿದ ತುಣುಕುಗಳನ್ನು ಎಯ್ಸಾಯ್ ಎಂಬ ಜಪಾನಿ ಕಂಪನಿಯ ಅಮೆರಿಕದ ಪ್ರಯೋಗಾಲಯ ಪರೀಕ್ಷಿಸಿತು. ಆಶ್ಚರ್ಯವೆಂದರೆ, ಅಣುವಿನ ಬಲಭಾಗವೊಂದೇ ಸಾಕಿತ್ತು. ಮಿಕ್ಕ ಅರ್ಧವಿಲ್ಲದೆಯೂ ಅದು ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತಿತ್ತು.

ಆ ಅರ್ಧವನ್ನೇ ತಿದ್ದಿ ತೀಡಿ ಮಾಡಿದ ಔಷಧಿ ಎರಿಬ್ಯುಲಿನ್, ಮಾರುಕಟ್ಟೆಯಲ್ಲಿ ಹ್ಯಾಲವೆನ್. ಅರ್ಧವೆಂದರೂ ತಯಾರಿಕೆಗೆ 62 ಹಂತ. ಬೇರೆ ಔಷಧಿಗಳಿಗೆ ಬಗ್ಗದೆ ಮೈಯಲ್ಲಿ ಹರಡಿದ ಸ್ತನ ಕ್ಯಾನ್ಸರಿನ 762 ಮಹಿಳೆಯರ ಮೇಲೆ ನಡೆದ ಪ್ರಯೋಗದಲ್ಲಿ, ಎರಿಬ್ಯುಲಿನ್ ಪಡೆದವರ ಮಧ್ಯಮ ಆಯಸ್ಸು 13.1 ತಿಂಗಳು, ಇತರ ಚಿಕಿತ್ಸೆ ಪಡೆದವರದು 10.6 ತಿಂಗಳು. ಎರಡೂವರೆ ತಿಂಗಳು ಎಂದರೆ ಇಷ್ಟೇನಾ ಅನ್ನಿಸಬಹುದು. ಮಗಳ ಪರೀಕ್ಷೆಯ ಫಲಿತಾಂಶಕ್ಕೋ ಮೊಮ್ಮಗುವಿನ ನಾಮಕರಣಕ್ಕೋ ಕಾಯುತ್ತಿರುವ ಹೆಣ್ಣುಮಗಳೊಬ್ಬಳಿಗೆ ಅದು ಇಷ್ಟೇ ಅಲ್ಲ. 2010ರ ನವೆಂಬರಿನಲ್ಲಿ ಎಫ್‌ಡಿಎ ಅನುಮತಿ ದೊರೆಯಿತು. 2016ರಲ್ಲಿ ಕೊಬ್ಬಿನ ಅಂಗಾಂಶದ ಒಂದು ಬಗೆಯ ಕ್ಯಾನ್ಸರಿಗೂ ಒಪ್ಪಿಗೆ ಸಿಕ್ಕಿತು. ಒಂದು ಸಲದ ಚುಚ್ಚುಮದ್ದಿನಲ್ಲಿರುವ ಎರಿಬ್ಯುಲಿನ್ ಎರಡು ಮಿಲಿಗ್ರಾಮಿನ ಆಸುಪಾಸು, ಒಂದು ಎಳ್ಳುಕಾಳಿಗಿಂತ ಹಗುರ. 2019ರಲ್ಲಿ ಕಿಶಿ ಮತ್ತು ಎಯ್ಸಾಯ್ ವಿಜ್ಞಾನಿಗಳು ಪೂರ್ತಿ ಹ್ಯಾಲಿಕಾಂಡ್ರಿನ್ ಗಾತ್ರದ ಹೊಸ ಅಣುವೊಂದನ್ನು ಒಂದೇ ಸಲಕ್ಕೆ 11.5 ಗ್ರಾಂ ತಯಾರಿಸಿದ್ದಾಗಿ ವರದಿ ಮಾಡಿದರು. ಹೆಚ್ಚುಕಡಿಮೆ ಒಂದು ತೊಲ, ಸ್ಪಂಜಿನ ಹಂಗಿಲ್ಲದೆ. 2023ರ ಜನವರಿಯಲ್ಲಿ ಕಿಶಿ ತಮ್ಮ 85ನೆಯ ವಯಸ್ಸಿನಲ್ಲಿ ನಿಧನರಾದರು.

ಇನ್ನು, ಈ ವಿಷಗಳನ್ನು ಮಾಡುವುದು ನಿಜಕ್ಕೂ ಸ್ಪಂಜೇನಾ? ಈ ಪ್ರಶ್ನೆ ಬಹಳ ದಿನದಿಂದ ವಿಜ್ಞಾನಿಗಳನ್ನು ಕಾಡಿತ್ತು. ಕೆಲವು ಸ್ಪಂಜುಗಳ ಮೈಯಲ್ಲಿ ಮೂರನೇ ಒಂದು ಭಾಗಕ್ಕೂ ಮಿಕ್ಕಿ ಬ್ಯಾಕ್ಟೀರಿಯಾಗಳೇ ತುಂಬಿರುತ್ತವೆ. ಮಿಯುರಾದ ಅದೇ ಕಪ್ಪು ಸ್ಪಂಜಿನಿಂದ ತೆಗೆದ ಒಕಡೈಕ್ ಆಮ್ಲ ಎಂಬ ವಿಷವನ್ನು ಮಾಡುವುದು ಕಡಲಿನ ಏಕಕೋಶ ಜೀವಿಗಳೆಂದು ಆಮೇಲೆ ತಿಳಿಯಿತು. 2014ರಲ್ಲಿ ಯೋರ್ನ್ ಪೀಲ್ ಅವರ ತಂಡ ಥಿಯೊನೆಲ್ಲಾ ಸ್ವಿನ್‌ಹೊಯಿ ಸ್ಪಂಜಿನೊಳಗಿನ ಎಂಟೊಥಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾದಲ್ಲೇ, ಆ ಸ್ಪಂಜಿಗೆ ಹೆಸರು ತಂದ ಬಹುತೇಕ ಅಣುಗಳನ್ನು ತಯಾರಿಸುವ ವಂಶವಾಹಿಗಳಿರುವುದನ್ನು ತೋರಿಸಿತು. ಬರ್ಗ್‌ಮನ್ ಅವರ ಸ್ಪಂಜಿನಿಂದಲೂ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದಾಗ, ಆ ಸ್ಪಂಜಿನ ವಸ್ತುಗಳಲ್ಲೊಂದನ್ನು ಅದು ತಾನೇ ಮಾಡುವುದು 2015ರಲ್ಲಿ ಕಂಡುಬಂತು. ಮನೆ ಸ್ಪಂಜಿನದು, ಅಡುಗೆ ಬಾಡಿಗೆದಾರರದು. ಆ ಅಡುಗೆಯವರನ್ನೇ ಪ್ರಯೋಗಾಲಯದಲ್ಲಿ ಸಾಕುವುದಾದರೆ ಕಡಲ ತಳವನ್ನು ಬಾಚುವ ಅಗತ್ಯ ಇನ್ನಷ್ಟು ಕಡಿಮೆಯಾದೀತು. ಸದ್ಯಕ್ಕೆ ಬಹಳಷ್ಟು ಬ್ಯಾಕ್ಟೀರಿಯಾಗಳು ಸ್ಪಂಜಿನ ಹೊರಗೆ ಬದುಕಲು ಒಪ್ಪುತ್ತಿಲ್ಲ.

ಭಾರತದ ಸ್ಪಂಜುಗಳ ಲೆಕ್ಕ ಹಿಡಿಯುವ ಕೆಲಸ ಶುರುವಾದದ್ದು ಕಡಲಿನಲ್ಲಲ್ಲ, ಮುಂಬಯಿಯ ಕೆರೆಗಳಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಹೆನ್ರಿ ಜಾನ್ ಕಾರ್ಟರ್ 1840ರ ದಶಕದಲ್ಲಿ ಅಲ್ಲಿನ ಸಿಹಿನೀರಿನ ಸ್ಪಂಜುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ಬರೆದ. ಆರ್ಥರ್ ಡೆಂಡಿ 1887ರಲ್ಲಿ ಮದರಾಸಿನ, 1905ರಲ್ಲಿ ಸಿಂಹಳದ ಮುತ್ತಿನ ದಂಡೆಗಳ ಸ್ಪಂಜುಗಳನ್ನು ವಿವರಿಸಿದ. ಸ್ವಾತಂತ್ರ್ಯಾನಂತರ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಪಿ. ಎ. ಥಾಮಸ್ ಮನ್ನಾರ್ ಖಾರಿಯ ಸ್ಪಂಜುಗಳಿಗೆ ದಶಕಗಳನ್ನೇ ಮುಡಿಪಿಟ್ಟರು. 1990ರ ದಶಕದಲ್ಲಿ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ, ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಮುಂತಾದವು ಕೂಡಿ ಕಡಲಿನಿಂದ ಔಷಧಿ ಹುಡುಕುವ ರಾಷ್ಟ್ರೀಯ ಯೋಜನೆಯಲ್ಲಿ ದುಡಿದವು. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ 4,077 ಕೋಟಿ ರೂಪಾಯಿಯ ಆಳಸಾಗರ ಯೋಜನೆಯಲ್ಲೂ ಕಡಲಾಳದ ಜೀವಿಗಳ ಶೋಧಕ್ಕೆ ಜಾಗವಿದೆ. ಇವುಗಳ ನಡುವೆ ನಮ್ಮ ಕರ್ನಾಟಕದ ತೀರದ ಸ್ಪಂಜುಗಳ ಮಾತು ಬರುವುದು ಅಪರೂಪ. ಆಯುರ್ವೇದದ ‘ಸಮುದ್ರಫೇನ’ ಸ್ಪಂಜೇ ಇರಬೇಕೆಂದು ಭಾವಿಸುವವರಿದ್ದಾರೆ; ಅದು ಕಪ್ಪೆಬೊಂಡಾಸದ ಬೆನ್ನಿನ ಹಲಗೆ, ಸ್ಪಂಜಿಗೂ ಅದಕ್ಕೂ ನಂಟಿಲ್ಲ.

ಮಲ್ಪೆ, ತದಡಿ, ಕಾರವಾರದ ಬೈತಖೋಲ ಬಂದರುಗಳಿಗೆ ಟ್ರಾಲ್ ಬೋಟುಗಳು ತರುವ ಬಲೆಯಲ್ಲಿ ಮೀನಿನ ಜೊತೆ ತಳದ ಸ್ಪಂಜುಗಳೂ ಬರುತ್ತವೆ. ಮಾರಾಟಕ್ಕೆ ಬಾರದ ಅವು ಕಸವಾಗಿ ಮತ್ತೆ ನೀರು ಸೇರುತ್ತವೆ. ಲೋಕದಲ್ಲಿ ಹೆಸರಿರುವ ಸ್ಪಂಜು ಜಾತಿಗಳು ಒಂಬತ್ತು ಸಾವಿರಕ್ಕೂ ಹೆಚ್ಚು, ಭಾರತದಲ್ಲಿ ದಾಖಲಾದವು ಐನೂರರ ಆಸುಪಾಸು. ಬಲೆಯಿಂದ ಕಸವಾಗಿ ಬೀಳುವವುಗಳಲ್ಲಿ ಎಷ್ಟಕ್ಕೆ ಹೆಸರಿದೆ ಎಂದು ಹೇಳಬಲ್ಲವರು ಬೆರಳೆಣಿಕೆಯಷ್ಟು. ಸ್ಪಂಜಿನ ಗಾಜಿನ ಸೂಜಿಯಂಥ ಮುಳ್ಳುಗಳನ್ನು ಸೂಕ್ಷ್ಮದರ್ಶಕದಲ್ಲಿ ಅಳೆದು ಜಾತಿ ಗುರುತಿಸುವ ವಿದ್ಯೆ ಕಲಿಯುವವರು ಕಡಿಮೆಯಾಗುತ್ತಿದ್ದಾರೆ. ಹೆಸರಿಡುವ ಈ ಕೆಲಸಕ್ಕೆ ಪ್ರಶಸ್ತಿಯಿಲ್ಲ, ಪೇಟೆಂಟಿಲ್ಲ. ಆದರೂ ಡಿ ಲಾಬೆನ್‌ಫೆಲ್ಸ್ ಅವರಂಥವರು ಇದನ್ನು ಮಾಡದಿದ್ದರೆ ಬರ್ಗ್‌ಮನ್ ಅವರ ಹರಳು ಯಾವ ಪ್ರಾಣಿಯದೆಂದು ಮತ್ತೊಬ್ಬರು ಹುಡುಕಿ ಹೋಗುವ ದಾರಿಯೇ ಇರುತ್ತಿರಲಿಲ್ಲ.

ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ, ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜಿದೆ. ಅಲ್ಲಿ ಓದುವ ಮಕ್ಕಳು ವಾರಕ್ಕೊಂದು ದಿನ ಬಂದರಿಗೆ ಹೋಗಿ, ಬಲೆಯಿಂದ ಎಸೆಯುವ ಸ್ಪಂಜಿನ ಒಂದು ತುಂಡನ್ನು ಸ್ಪಿರಿಟ್ಟಿನ ಬಾಟಲಿಗೆ ಹಾಕಿ, ಎಲ್ಲಿ ಸಿಕ್ಕಿತು, ಎಷ್ಟು ಮಾರು ಆಳ, ಯಾವ ಬಣ್ಣವಿತ್ತು ಎಂದು ಬೋಟಿನ ತಂಡೇಲರನ್ನು ಕೇಳಿ ಚೀಟಿ ಬರೆದು ಅಂಟಿಸಲಿ. ಅದಕ್ಕೆ ಬೇಕಾದ ಕಪಾಟು, ಬಾಟಲಿ, ಒಬ್ಬ ಸ್ಪಂಜು ತಜ್ಞರ ಹುದ್ದೆ, ಇಷ್ಟನ್ನು ಸರ್ಕಾರ ಕೊಡಲಿ.